ಆಶಾಳಿಗೆ ಸಂಬಂಧ ಹುಡುಕಿದ ವರ್ಷ

ಕಾವೂರು, ಮಂಗಳೂರು
22-11-1977

ಚಿ. ಸೌ. ಶಶಿಪ್ರಭಾಳಿಗೆ ಅಮ್ಮನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಮೈ ಈಗ ಹೇಗಿದೆ? ಎರಡನೆಯ ಸಲವೂ ಬಸಿರು ಐದು ತಿಂಗಳಿಗೆ ಕೈತಪ್ಪಿತು ಎಂದು ನೀನು ಬರೆದ ಮೇಲೆ, ಏನು ಬರೆಯಬೇಕೆಂದು ತೋಚದೆ ಒಂದು ತಿಂಗಳು ಪೆನ್ನು ಮುಟ್ಟಲಿಲ್ಲ. ಬೈಯಬೇಡ.

ತಾರಾನಾಥ ಮಾವ ಪ್ರಶ್ನೆ ಇಡಿಸಿದ. ಜೋಯಿಸರು ಕವಡೆ ಸರಿಸಿ, ನಾವು ಯಾರೂ ಬಾಯಿಬಿಡುವ ಮೊದಲೇ ಕೇಳಿದರು, "ಮನೆಯಲ್ಲಿ ಮದುವೆಯಾಗದೆ ಹೋದ ಹೆಣ್ಣುಮಗು ಒಂದು ಉಂಟಲ್ಲ?" ನಿನ್ನ ಅಕ್ಕ ಆಶಾ. ಐದು ವರ್ಷಕ್ಕೆ ಜ್ವರದಲ್ಲಿ ಹೋದವಳು, ಇದ್ದಿದ್ದರೆ ಇಪ್ಪತ್ತೇಳು. ಅವಳನ್ನು ಹಾಗೇ ಬಿಟ್ಟು ತಂಗಿಗೆ ಧಾರೆ ಎರೆದಿದ್ದೀರಿ, ಅವಳಿಗೂ ಮದುವೆ ಮಾಡಿ ಕಳಿಸದೆ ತಂಗಿಯ ಮಡಿಲು ತುಂಬುವುದಿಲ್ಲ ಎಂದರು. ನಮ್ಮಲ್ಲಿ ತೀರಿಹೋದವರಿಗೂ ಮದುವೆ ಮಾಡುವ ಕ್ರಮ ನಿನಗೆ ಗೊತ್ತೇ ಉಂಟು. ತೀರಿಹೋದ ಹುಡುಗನನ್ನೇ ನೋಡಬೇಕು. ನಮ್ಮ ಜಾತಿ ಆಗಬೇಕು, ಗೋತ್ರದ ಹಾಗೆ ಬರಿಯೂ ಬೇರೆ ಇರಬೇಕು, ನಕ್ಷತ್ರ ಕೂಡಬೇಕು. ಬದುಕಿರುವವರಿಗೆ ನೋಡುವುದಕ್ಕಿಂತ ಕಷ್ಟ ಮಾರಾಯ್ತಿ.

ಹುಡುಕುವವರು ಯಾರು? ಮಾವನ ಕಾಲಿಗೆ ಇನ್ನೂ ಪ್ಲಾಸ್ಟರು. ನಿನ್ನ ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅವಳ ವಿಷಯ ಈ ಮನೆಯಲ್ಲಿ ಬೇಡ ಅಂತ ಆವತ್ತೇ ಹೇಳಿದ್ದೇನಲ್ಲ" ಎಂದರು. ಅಲ್ಲಿಗೆ ಮುಗಿಯಿತು. ನಲವತ್ತೆಂಟು ವರ್ಷದಲ್ಲಿ ಪೇಟೆಯ ಹಂಪನಕಟ್ಟೆಗೂ ಒಬ್ಬಳೇ ಹೋಗದ ನಾನು ಹೊರಟೆ.

ಮೊದಲು ಹತ್ತಿರದ ವಾಮಂಜೂರು. ಬಸ್ಸಿಳಿದು ಗೂಡಂಗಡಿಯವನಲ್ಲಿ, "ಇಲ್ಲಿ ಸಣ್ಣದರಲ್ಲಿ ತೀರಿಹೋದ ಗಂಡುಮಕ್ಕಳಿರುವ ಬಂಟರ ಮನೆ ಯಾವುದು?" ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ, ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು! ಆಮೇಲೆ ಗದ್ದೆಯ ಆಚೆಗೆ ಅಕ್ಕು ಶೆಡ್ತಿ ಎಂಬವರ ಮನೆ ತೋರಿಸಿದ. ಬೆಲ್ಲ, ನೀರು ಕೊಟ್ಟರು. ಒಳ್ಳೆಯ ಜನ. ಆದರೆ ಕೂಡಿಬರಲಿಲ್ಲ. ಮುಂದಿನ ವಾರ ಮೂಡುಬಿದಿರೆಯ ಕಡೆಗೆ ಹೋಗುತ್ತೇನೆ.

ಭಾರ ಎತ್ತಬೇಡ. ಚಿತ್ತರಂಜನರಿಗೆ ಕೇಳಿದೆನೆಂದು ಹೇಳು.

ಇತಿ,
ಅಮ್ಮ


ಡೊಂಬಿವಿಲಿ, ಬೊಂಬಾಯಿ
4-12-1977

ಅಮ್ಮನಿಗೆ ಶಶಿಯ ನಮಸ್ಕಾರ.

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಡಾಕ್ಟರು ಗರ್ಭಕೋಶದ ಬಾಯಿ ಸಡಿಲ ಎನ್ನುತ್ತಾರೆ. ಮುಂದಿನ ಸಲ ಹೊಲಿಗೆ ಹಾಕುತ್ತಾರಂತೆ. ಅಕ್ಕ ಬಂದು ಬಿಚ್ಚಿದಳೆಂದು ಯಾರೂ ಬರೆದುಕೊಡಲಿಲ್ಲ. ನಾನು ದಿನವಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿಗೆ ಲೈನ್ ಕೊಡುವವಳು. ಸತ್ತವರಿಗೆ ಲೈನ್ ಸಿಕ್ಕಿದ್ದು ಈವರೆಗೆ ಕಾಣೆ.

ಆದರೆ ನನ್ನ ಅತ್ತೆಗೆ ವಿಷಯ ಗೊತ್ತಾಗಿ, "ಬೇಗ ಮುಗಿಸಲಿ" ಎನ್ನುತ್ತಿದ್ದಾರೆ. ನಿನಗೆ ಸಮಾಧಾನವಾಗುವುದಾದರೆ ಮಾಡು. ಒಂದು ಮಾತು ಹೇಳಲೇ? ನಿನ್ನ ಅಕ್ಷರದಲ್ಲಿ ಅವಳ ಹೆಸರನ್ನು ಮೊದಲ ಸಲ ಕಂಡೆ. ನನಗೆ ಅವಳ ಮುಖ ಚೂರೂ ನೆನಪಿಲ್ಲ. ಅವಳ ಬಗ್ಗೆ ಕೇಳಿದಾಗಲೆಲ್ಲ ನೀನು ಎದ್ದು ಒಳಗೆ ಹೋಗುತ್ತಿದ್ದೆ, ಅದು ಮಾತ್ರ ನೆನಪು.

ಶಶಿ


ಕಾವೂರು
18-1-1978

ಚಿ. ಶಶಿಗೆ,

ಈ ಕಾಗದ ಉದ್ದವಾಗುತ್ತದೆ. ಪುರುಸೊತ್ತಿನಲ್ಲಿ ಓದು.

ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಅಂತಾರಲ್ಲ, ನನಗೆ ಬಾಯಿ ಇದ್ದದ್ದೇ ಈಗ ಗೊತ್ತಾದದ್ದು. ಮೂಡುಬಿದಿರೆ ಆಯಿತು, ಕಾರ್ಕಳ ಎರಡು ಸಲ ಆಯಿತು, ಮಂಜೇಶ್ವರ ಆಯಿತು. ಕಂಡಕ್ಟರುಗಳಿಗೆಲ್ಲ ನನ್ನ ಗುರುತಾಗಿದೆ. "ಏನಕ್ಕ, ಮದುಮಗ ಸಿಕ್ಕಿದನಾ?" ಎಂದು ಕೇಳುತ್ತಾರೆ. ಮದುಮಗ ಎಂಥವನು ಎಂದು ಅವರಿಗೆ ಗೊತ್ತಿಲ್ಲ, ಪಾಪ.

ಉಪ್ಪಿನಂಗಡಿಯ ಬಸ್ಸಿನಲ್ಲಿ ಬೀಡಿಯ ಕಟ್ಟು ಮಡಿಲಲ್ಲಿಟ್ಟುಕೊಂಡು ಖತೀಜಮ್ಮ ಅಂತ ಒಬ್ಬರು ಪಕ್ಕದಲ್ಲಿ ಕೂತರು. ಎಲ್ಲಿಗೆ ಎಂದರು. ಮಗಳಿಗೆ ಸಂಬಂಧ ನೋಡಲು ಎಂದೆ. ಮಗಳು ಎಂತ ಮಾಡುತ್ತಾಳೆ ಎಂದರು. ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದನ್ನು ಹೇಳಿಬಿಟ್ಟೆ. ಆ ಹೆಂಗಸು ದೂರ ಸರಿಯುತ್ತಾರೆಂದುಕೊಂಡೆ. ಅವರು ಬೀಡಿಯ ಕಟ್ಟನ್ನು ಕಾಲ ಬಳಿ ಇಳಿಸಿ ನನ್ನ ಕಡೆ ತಿರುಗಿ ಕೂತರು.

"ಎಂತ ಹೆಸರು ಮಗುವಿನದ್ದು?"

"ಆಶಾಲತಾ."

"ಬೆಳ್ಳಗಿದ್ದಳಾ, ನಿಮ್ಮ ಹಾಗೆ ಎಣ್ಣೆಗಪ್ಪಾ?"

ಶಶಿ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇದನ್ನು ನನ್ನಲ್ಲಿ ಕೇಳಿರಲಿಲ್ಲ. ಹೇಳಿದೆ. ಎಣ್ಣೆಗಪ್ಪು, ಎಡಗೈಯಲ್ಲೇ ಉಣ್ಣುತ್ತಿದ್ದಳು, ಬೈದರೆ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿ "ಅದು ಇಲ್ಲ, ಕಾಗೆ ಕೊಂಡುಹೋಯಿತು" ಎನ್ನುತ್ತಿದ್ದಳು. ಅದನ್ನು ಹೇಳುವಾಗ ನನಗೆ ನಗು ಬಂತು. ಖತೀಜಮ್ಮನೂ ನಕ್ಕರು. ಆಮೇಲೆ ತಮ್ಮ ಎರಡು ಮಕ್ಕಳು ಮಣ್ಣಿನಲ್ಲಿರುವುದನ್ನು ಹೇಳಿದರು, ಹೆಸರು ಸಮೇತ. ಇಬ್ಬರೂ ಕಣ್ಣೊರೆಸಿಕೊಂಡೆವು. ಅವರು ಮಾಣಿ ಎಂಬ ಊರಿನಲ್ಲಿ ಇಳಿದುಹೋದರು. ಇನ್ನೊಮ್ಮೆ ಸಿಗುವವರಲ್ಲ. ಸಿಗುವುದಿಲ್ಲ ಎಂದೇ ಅಷ್ಟು ಮಾತಾಡಲಿಕ್ಕಾಯಿತೋ ಏನೋ.

ಹೋದ ಮನೆಗಳಲ್ಲಿಯೂ ಹಾಗೆ. ಗುರುತು ಪರಿಚಯ ಇಲ್ಲದ ಹೆಂಗಸರು ಬೆಲ್ಲ ನೀರು ತಂದಿಟ್ಟು, ಮಣೆ ಎಳೆದು ಕೂತು, "ಹೇಗಿದ್ದಳು ಹೇಳಿ" ಎನ್ನುತ್ತಾರೆ. ತಮ್ಮ ಮಗನ ವಿಷಯ ಅವರು ಹೇಳುತ್ತಾರೆ. ಹೊರಡುವಾಗ ಹಿತ್ತಲಿನ ಬಸಳೆ ಕಟ್ಟಿಕೊಡುತ್ತಾರೆ. ಬಸ್ಸಿನ ಕಿಟಕಿಯ ಪಕ್ಕ ಕೂತಾಗ ನನಗೆ ಖುಷಿಯಾಗುತ್ತದೆ, ಶಶಿ. ಇಂಥ ಕೆಲಸಕ್ಕೆ ಹೊರಟು ಖುಷಿಪಡುವುದು ಪಾಪ ಅಲ್ಲವಾ? ನಾನು ಯಾರಲ್ಲೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ತುಳುವಿನಲ್ಲಿ ಇದನ್ನೆಲ್ಲ ಎದುರೆದುರು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಸಂಬಂಧ ಇನ್ನೂ ಯಾವುದೂ ಆಗಲಿಲ್ಲ. ಒಂದು ಕಡೆ ಬರಿ ಒಂದೇ, ಇನ್ನೊಂದು ಕಡೆ ನಕ್ಷತ್ರ ಕೂಡುವುದಿಲ್ಲ.

ಇತಿ,
ಅಮ್ಮ


ಡೊಂಬಿವಿಲಿ
3-4-1978

ಅಮ್ಮಾ,

ನನಗೆ ಮೂರು ತಿಂಗಳು. ಹೊಲಿಗೆ ಹಾಕಿದ್ದಾರೆ. ಕೆಲಸಕ್ಕೆ ರಜೆ. ಮಂಚದ ಕಾಲಿನ ಕಡೆಗೆ ಎರಡು ಇಟ್ಟಿಗೆ ಇಟ್ಟು ಮಲಗಿಸಿದ್ದಾರೆ. ಸೂರು ನೋಡುತ್ತ ಬಿದ್ದಿದ್ದೇನೆ.

ನಿನ್ನ ಜನವರಿಯ ಕಾಗದವನ್ನು ಹತ್ತು ಸಲ ಓದಿದೆ. ಕಾಗೆ ಕೊಂಡುಹೋದ ಕೈಯ ಕಥೆಯನ್ನು ಇವರಿಗೂ ಓದಿ ಹೇಳಿದೆ. ನೀನು ಖುಷಿಪಟ್ಟದ್ದು ಪಾಪವೇನಲ್ಲ.

ಆದರೆ ಅಮ್ಮ, ನನಗೆ ಹೆದರಿಕೆಯಾಗುತ್ತಿದೆ. ನಂಬುವುದಿಲ್ಲ ಎಂದು ಜಂಬದಲ್ಲಿ ಬರೆದಿದ್ದೆ. ಈಗ ಹೊಟ್ಟೆಯಲ್ಲಿ ಒಂದು ಸಣ್ಣ ಚುಚ್ಚು ಬಂದರೂ ಗೋಡೆಯ ಕಡೆ ತಿರುಗಿ, "ಅಕ್ಕ, ಇದೊಂದನ್ನು ಬಿಟ್ಟುಬಿಡು" ಎನ್ನುತ್ತೇನೆ. ಮುಖ ಗೊತ್ತಿಲ್ಲದ ಅಕ್ಕನ ಹತ್ತಿರ! ತೀರಿಹೋದವರ ಮದುವೆ ಮಾಡುವುದು ಆಟಿ ತಿಂಗಳಿನಲ್ಲಲ್ಲವಾ, ಈ ಆಟಿಯೊಳಗೆ ಹೇಗಾದರೂ ಮುಗಿಸು. ನಕ್ಷತ್ರ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನೋಡಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ಶಶಿ


ಕಾವೂರು
20-6-1978

ಚಿ. ಶಶಿಗೆ,

ಐದು ತಿಂಗಳು ದಾಟಿತೆಂದು ಓದಿ ದೇವರಿಗೆ ದೀಪ ಇಟ್ಟೆ. ಎದ್ದು ಓಡಾಡಬೇಡ.

ಸಂಬಂಧದ ವಿಷಯಕ್ಕೆ ಬಂದರೆ, ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಹಾಗಾಗಿದೆ. ಕಳೆದ ವಾರ ಬೆಳ್ತಂಗಡಿಯ ಹತ್ತಿರ ಒಂದು ಮನೆಗೆ ಹೋದೆ. ಹುಡುಗ ಹದಿನಾರಕ್ಕೆ ಹೋದವನು. ಅವನ ಅಜ್ಜಿ ನನ್ನನ್ನು ಊಟಕ್ಕೆ ಕೂರಿಸಿ, ಆಶಾ ಎಂತ ಎಂತ ಮಾತಾಡುತ್ತಿದ್ದಳು ಎಂದು ಕೇಳಿ ಕೇಳಿ, "ಪಾಪ, ಕಾಗೆ ಕೈ ವಾಪಸು ಕೊಟ್ಟಿತಾ?" ಎಂದರು. ಆದರೆ ಅಲ್ಲಿಯೂ ಆಗಲಿಲ್ಲ. ಈ ಆಟಿಗೆ ಆಗಲಿಕ್ಕಿಲ್ಲ ಅಂತ ಕಾಣುತ್ತದೆ. ಆಮೇಲಿನ ಸೋಣ ತಿಂಗಳೂ ಕಳೆದ ಮೇಲೆ ನೋಡುವಾ. ನೀನು ಅದನ್ನು ತಲೆಗೆ ಹಾಕಿಕೊಳ್ಳಬೇಡ. ಡಾಕ್ಟರು ಹೊಲಿಗೆ ಹಾಕಿದ್ದಾರಲ್ಲ.

ಇತಿ,
ಅಮ್ಮ


ಡೊಂಬಿವಿಲಿ
9-9-1978

ಪೂಜ್ಯ ಅತ್ತೆಯವರಿಗೆ ಚಿತ್ತರಂಜನನ ನಮಸ್ಕಾರಗಳು.

ಟೆಲಿಗ್ರಾಂ ತಲುಪಿರಬಹುದು. ಎಂಟನೆಯ ತಿಂಗಳಲ್ಲಿಯೇ ಹೆರಿಗೆಯಾಯಿತು. ಹೆಣ್ಣು. ಎರಡು ದಿನ ಇತ್ತು. ಶಶಿಯ ಜೀವಕ್ಕೆ ಅಪಾಯವಿಲ್ಲ. ಅವಳು ಮಾತಾಡುತ್ತಿಲ್ಲ. ಮಗುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು ನಾನೇ ಎಲ್ಲರಿಗೂ ಹೇಳಿದ್ದೇನೆ. ನೀವೂ ಬರೆಯುವಾಗ ಜಾಗ್ರತೆ ವಹಿಸಿ. ಈಗ ಬರುವುದು ಬೇಡ, ನನ್ನ ಅಮ್ಮ ಇದ್ದಾರೆ.

ಇತಿ ನಿಮ್ಮ ಅಳಿಯ,
ಚಿತ್ತರಂಜನ


ವಾಮಂಜೂರು
2-11-1978

ಬೊಂಬಾಯಿಯ ಶಶಿಪ್ರಭಾ ಅವರಿಗೆ ವಾಮಂಜೂರಿನ ಅಕ್ಕು ಶೆಡ್ತಿಯ ನಮಸ್ಕಾರ.

ನನಗೆ ಬರೆಯಲು ಬರುವುದಿಲ್ಲ. ಪಕ್ಕದ ಮನೆಯ ಟೀಚರ ಕೈಯಲ್ಲಿ ಬರೆಸುತ್ತಿದ್ದೇನೆ. ಕಳೆದ ವರ್ಷ ದೀಪಾವಳಿ ಕಳೆದು ನಿಮ್ಮ ಅಮ್ಮ ನಮ್ಮ ಮನೆಗೆ ಬಂದಿದ್ದರು. ನಿಮ್ಮ ಅಕ್ಕ ಆಶಾಲತಾಳ ನಕ್ಷತ್ರವನ್ನು ಒಂದು ಹಳೆಯ ಇನ್‌ಲ್ಯಾಂಡ್ ಕಾಗದದ ತುಂಡಿನ ಮೇಲೆ ಬರೆದು ಕೊಟ್ಟುಹೋದರು. ಅದರ ಹಿಂದೆ ನಿಮ್ಮ ವಿಳಾಸ ಇತ್ತೆಂದು ಟೀಚರು ಈಗ ಕಂಡರು, ಅದಕ್ಕೆ ನಿಮಗೆ ತೊಂದರೆ ಕೊಡುತ್ತಿದ್ದೇನೆ.

ನನ್ನ ಮಗ ಮೋಹನದಾಸ್ ಒಂಬತ್ತು ವರ್ಷದಲ್ಲಿ ಹಾವು ಕಚ್ಚಿ ಹೋದವನು. ಬರಿ ಬೇರೆ ಉಂಟು, ನಕ್ಷತ್ರ ಚೆನ್ನಾಗಿ ಕೂಡುತ್ತದೆ ಎಂದು ಜೋಯಿಸರು ಅದೇ ದಿನ ನಿಮ್ಮ ಅಮ್ಮನ ಎದುರಿನಲ್ಲೇ ಹೇಳಿದ್ದರು. ಯಜಮಾನರಲ್ಲಿ ಕೇಳಿ ಎಂಟು ದಿನದಲ್ಲಿ ತಿಳಿಸುತ್ತೇನೆಂದು ಹೋದವರು ಮತ್ತೆ ಬರಲಿಲ್ಲ. ಮನೆ ಕುದ್ರೋಳಿಯಲ್ಲಿ ಎಂದಿದ್ದರು. ನನ್ನ ತಮ್ಮ ಎರಡು ಸಲ ಹೋಗಿ ದೇವಸ್ಥಾನದ ಸುತ್ತುಮುತ್ತ ವಿಚಾರಿಸಿದ, ಅಂಥವರು ಅಲ್ಲಿ ಯಾರೂ ಇಲ್ಲವಂತೆ.

ಬೇರೆ ಕಡೆಯಿಂದಲೂ ಕೇಳುತ್ತಿದ್ದಾರೆ. ನಿಮ್ಮ ಅಕ್ಕ ಮನಸ್ಸಿನಲ್ಲಿ ನಿಶ್ಚಯವಾದ ಹೆಣ್ಣು, ಅದಕ್ಕೆ ಅವರಿಗೆ ನಾನು ಒಪ್ಪಲಿಲ್ಲ. ಬೇಡವಾದರೆ ಬೇಡ ಎನ್ನಿ, ಬೇಜಾರಿಲ್ಲ. ಅವಳಿಗೆ ಅಕ್ಕಿಹಿಟ್ಟು ಹಚ್ಚಿ ಅರಿಶಿನದ ಎಲೆಯಲ್ಲಿ ಬೇಯಿಸಿದ ಗಟ್ಟಿ ಇಷ್ಟ ಎಂದಿದ್ದರು. ಹಿತ್ತಲಲ್ಲಿ ನಾಲ್ಕು ಬುಡ ಅರಿಶಿನ ನೆಟ್ಟಿದ್ದೇನೆ.

ಅಕ್ಕು ಶೆಡ್ತಿಯ ಹೆಬ್ಬೆಟ್ಟು


ಡೊಂಬಿವಿಲಿ
14-11-1978

ಅಮ್ಮ,

ಇದರೊಳಗೆ ಒಂದು ಕಾಗದ ಇಟ್ಟಿದ್ದೇನೆ. ಓದು.

ಮಗು ಯಾಕೆ ಉಳಿಯಲಿಲ್ಲ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದಾರೆ. ನನಗೆ ಅರ್ಥವಾಗಿದೆ. ಆದ್ದರಿಂದ ನೀನು ಕೊಂದೆ ಎಂದು ನಾನು ಹೇಳುವುದಿಲ್ಲ. ಆದರೆ ನಿನಗೆ ಆ ಡಾಕ್ಟರು ಹೇಳಿದ್ದು ಅರ್ಥವಾಗುವುದಿಲ್ಲ. ನೀನು ಜೋಯಿಸರನ್ನು ನಂಬಿದವಳು. ಆಶಾಳನ್ನು ಕಳಿಸದಿದ್ದರೆ ನನ್ನ ಮಕ್ಕಳು ಉಳಿಯುವುದಿಲ್ಲ ಎಂದು ನಂಬಿದವಳು. ನಂಬಿಯೂ ಒಂದು ವರ್ಷ ಸುಮ್ಮನಿದ್ದೆ. ನಾನು ಕಾಲು ಹಿಡಿಯುತ್ತೇನೆಂದು ಬರೆದಾಗ ಆ ವಾಮಂಜೂರು ನಿನ್ನ ಮನೆಯಿಂದ ಎಷ್ಟು ದೂರ ಇತ್ತು?

ಯಾಕೆ ಎಂದು ಮಾತ್ರ ತಿಳಿಸು. ಬೇರೇನೂ ಬರೆಯಬೇಡ.

ಶಶಿಪ್ರಭಾ


ಕಾವೂರು
24-11-1978

ಶಶಿ,

ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ.

ಯಾಕೆ ಎಂದು ಕೇಳಿದ್ದೀ. ಆವತ್ತು ಅಕ್ಕು ಶೆಡ್ತಿಯ ಮನೆಯಲ್ಲಿ ಎಲ್ಲ ಕೂಡಿಬಂತು. ನಾವಿಬ್ಬರೂ ಮಧ್ಯಾಹ್ನವಿಡೀ ಮಕ್ಕಳ ಮಾತಾಡಿದೆವು. ಅವರು ಮಗನ ಸ್ಲೇಟು ತಂದು ತೋರಿಸಿದರು. ಹೊರಡುವಾಗ ನನ್ನ ಕೈ ಹಿಡಿದು, "ನಮ್ಮ ಸೊಸೆಗೆ ಎಂತ ಇಷ್ಟ? ಇನ್ನು ಆಟಿಯಲ್ಲಿ ನಾವೇ ಬಡಿಸುವವರಲ್ಲವಾ" ಎಂದರು. ಪ್ರೀತಿಯಲ್ಲೇ ಕೇಳಿದ್ದು. ಗಟ್ಟಿ ಎಂದೆ. ಹೇಳಿದ ಕೂಡಲೇ ಅವರ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ.

ಪ್ರತಿ ಆಟಿಯಲ್ಲಿ ತೀರಿಹೋದವರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವಲ್ಲ. ಹಿರಿಯರ ಎಲೆಗಳ ಕೊನೆಗೆ ಒಂದು ತುಂಡು ಎಲೆಯಲ್ಲಿ ಅವಳಿಗೆ ಗಟ್ಟಿ ಇಡುತ್ತಿದ್ದೆ. ನಿನ್ನ ಅಪ್ಪ ಕಂಡರೂ ಕಾಣದ ಹಾಗೆ ಇರುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನನಗೂ ಅವಳಿಗೂ ಉಳಿದದ್ದು ಅದೊಂದೇ. ಮದುವೆಯಾದರೆ ಅವಳು ಗಂಡನ ಮನೆಯವಳು. ಆಮೇಲೆ ನನ್ನ ಎಲೆಗೆ ಬರುವುದಿಲ್ಲ. ಅದಕ್ಕೆ ಯಜಮಾನರಲ್ಲಿ ಕೇಳಬೇಕು ಎಂದೆ. ಕುದ್ರೋಳಿ ಎಂದೆ. ಅಂಥ ಸುಳ್ಳು ನನ್ನ ಬಾಯಿಂದ ಹೇಗೆ ಬಂತೋ.

ಎಂಟು ದಿನ ಕಳೆದು ಹೋಗಿ ಒಪ್ಪಿಕೊಳ್ಳಬೇಕೆಂದೇ ಇದ್ದೆ. ಅಷ್ಟರಲ್ಲಿ ಮೂಡುಬಿದಿರೆಗೆ ಹೋದೆ, ಇನ್ನೊಂದು ಮನೆ ನೋಡಿದ ಹಾಗೂ ಆಗುತ್ತದೆಂದು. ಅಲ್ಲಿಯ ಹೆಂಗಸು "ಹೇಗಿದ್ದಳು?" ಎಂದು ಕೇಳಿದರು. ಅಷ್ಟೇ, ನಾನು ಕೆಟ್ಟೆ. ಈ ಮನೆಯಲ್ಲಿ ಅವಳು ಹುಟ್ಟಲೇ ಇಲ್ಲ ಎಂಬ ಹಾಗೆ ಬದುಕಿದ್ದೇವೆ. ಬಸ್ಸು ಹತ್ತಿದರೆ ಅವಳು ನನ್ನ ಜೊತೆ ಬರುತ್ತಿದ್ದಳು. ಪ್ರತಿ ಹೊಸಬರಿಗೆ ಮೊದಲಿನಿಂದ ಹೇಳಬಹುದಿತ್ತು, ಅವಳು ಹುಟ್ಟಿದ್ದು, ನಡೆದದ್ದು, ಕಾಗೆ ಕೈ ಕೊಂಡುಹೋದದ್ದು. ಸಂಬಂಧ ನಿಶ್ಚಯವಾದರೆ ನಾನು ಯಾವ ನೆಪದಲ್ಲಿ ಯಾರ ಮನೆಗೆ ಹೋಗಲಿ? ಬೆಳ್ತಂಗಡಿಯ ಆ ಹುಡುಗನ ನಕ್ಷತ್ರವೂ ಕೂಡುತ್ತಿತ್ತು, ಶಶಿ. ನಾನು ಆಶಾಳ ನಕ್ಷತ್ರವನ್ನೇ ತಪ್ಪು ಹೇಳಿ ಬಂದೆ.

ನೀನು ಹೊಟ್ಟೆಯಲ್ಲಿದ್ದಾಗ ಜ್ವರ ಬಂದು ನಾನು ಆಸ್ಪತ್ರೆಯಲ್ಲಿದ್ದೆ. ನೀನು ಉಳಿದೆ. ಆದ್ದರಿಂದ ನಿನ್ನದೂ ಉಳಿಯುತ್ತದೆ, ಹೊಲಿಗೆ ಹಾಕಿದ್ದಾರೆ, ಒಂದು ವರ್ಷದಲ್ಲಿ ಎಂತ ಆಗುತ್ತದೆ ಎಂದುಕೊಂಡೆ. ಸತ್ತ ಮಗಳ ಆಸೆಗೆ ಬದುಕಿರುವ ಮಗಳನ್ನು ಪಣಕ್ಕಿಟ್ಟೆ. ಯಾರಿಗೂ ಹೇಳಲಾಗದ ತಪ್ಪು ಇದು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಲಾರೆ.

ನಾಳೆ ವಾಮಂಜೂರಿಗೆ ಹೋಗುತ್ತೇನೆ. ಅಕ್ಕು ಶೆಡ್ತಿಯ ಕಾಲಿಗೆ ಬೀಳುತ್ತೇನೆ.

ಅಮ್ಮ


ಕಾರ್ಡು. ಕಾವೂರು, 10-6-1979

ಆಶಾಳ ಮದುವೆ ಬರುವ ಆಗಸ್ಟ್ ಐದು, ಆದಿತ್ಯವಾರ ಸಂಜೆ, ವಾಮಂಜೂರಿನಲ್ಲಿ. ಒಡಹುಟ್ಟಿದವಳು ನಿಂತರೆ ಒಳ್ಳೆಯದೆಂದು ಮಾವ ಹೇಳಿದ. ಕರೆಯುವ ಮುಖ ನನಗಿಲ್ಲ, ತಿಳಿಸಿದ್ದೇನೆ ಅಷ್ಟೇ.
ಅಮ್ಮ


ಡೊಂಬಿವಿಲಿ
19-8-1979

ಅಮ್ಮನಿಗೆ,

ಊರಿನಲ್ಲಿದ್ದ ಮೂರು ದಿನವೂ ನಿನ್ನ ಹತ್ತಿರ ಮಾತಾಡಲಿಲ್ಲ. ಬರೆದರೇ ಸರಿ ಎನಿಸಿತು.

ಬರುವಾಗ ಇವರಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಬೇಡವೆನ್ನುತ್ತಿದ್ದೆ. ಬಸ್ಸಿನಲ್ಲಿ ಒಬ್ಬಳೇ ಬಂದೆ. ಪಕ್ಕದ ಸೀಟಿನಲ್ಲಿ ಮಂಗಳೂರಿನ ಬಿಜೈಗೆ ಹೋಗುವ ಉರ್ಸುಲಾ ಬಾಯಿ ಎಂಬವರಿದ್ದರು. ಇಲ್ಲಿ ಯಾರದೋ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು. ಕೊಲ್ಹಾಪುರ ದಾಟಿದ ಮೇಲೆ ಬಿಸ್ಕೀಟಿನ ಪೊಟ್ಟಣ ಮುಂದೆ ಹಿಡಿದು, "ಮಕ್ಕಳೆಷ್ಟು ನಿನಗೆ?" ಎಂದರು.

ಒಂದು ವರ್ಷದಿಂದ ಎಲ್ಲರೂ ನನ್ನಿಂದ ಆ ಪ್ರಶ್ನೆಯನ್ನು ಅಡಗಿಸಿಟ್ಟಿದ್ದರು. ಮನೆಯಲ್ಲಿ ಇವರು ಅವಳು ಹುಟ್ಟಿದ ತಿಂಗಳಿನ ಕ್ಯಾಲೆಂಡರಿನ ಹಾಳೆಯನ್ನು ಕೂಡ ಹರಿದಿದ್ದರು. ನಾನು "ಒಬ್ಬಳು" ಎಂದೆ. ಹೆಸರೇನು ಎಂದರು. ಹೇಳಿದೆ. ಅವಳಿಗೆ ಹೆಸರಿಟ್ಟಿದ್ದೇನೆಂದು ಆಗಲೇ ನನಗೂ ಗೊತ್ತಾದದ್ದು. ತಲೆತುಂಬ ಕೂದಲು, ನನ್ನ ಬೆರಳನ್ನು ಒಂದೇ ಒಂದು ಸಲ ಹಿಡಿದಳು, ಎಲ್ಲ ಹೇಳಿದೆ. ಉರ್ಸುಲಾ ಬಾಯಿ ಮತ್ತೆ ಮತ್ತೆ ಕೇಳಿದರು, ನಾನು ಮತ್ತೆ ಮತ್ತೆ ಹೇಳಿದೆ. ಉಡುಪಿ ಬರುವಾಗ ನನಗೆ ಹಸಿವಾಗಿತ್ತು. ಒಂದು ವರ್ಷದ ಮೇಲೆ ಹಸಿವು, ಅಮ್ಮ. ಇಳಿಯುವಾಗ ಅವರ ವಿಳಾಸ ಕೇಳಲಿಲ್ಲ. ಕೇಳಬಾರದೆಂದು ಗೊತ್ತಿತ್ತು.

ಮದುವೆಯಲ್ಲಿ ನಾನು ಎಲ್ಲವನ್ನೂ ನೋಡಿದೆ. ಎರಡು ಮಣೆ, ಒಂದರ ಮೇಲೆ ಪಂಚೆ, ಒಂದರ ಮೇಲೆ ಸೀರೆ, ಕರಿಮಣಿ, ಬಳೆ. ಆವತ್ತು ಬೆಳಿಗ್ಗೆ ಅಪ್ಪ ಟ್ರಂಕಿನ ತಳದಿಂದ ಸಣ್ಣ ಮಗುವಿನ ಒಂದು ಹಳದಿ ಫ್ರಾಕು ತೆಗೆದು ಮೇಜಿನ ಮೇಲೆ ಇಟ್ಟುಹೋದದ್ದು ಕಂಡೆ. ನೀನು ಅದನ್ನು ಸೀರೆಯ ಅಡಿಗೆ ಇಡುವುದನ್ನೂ ಕಂಡೆ. ಅಕ್ಕು ಶೆಡ್ತಿಯೂ ಕಂಡರು, ಸೀರೆಯ ಅಂಚನ್ನು ಸರಿಮಾಡಿದರು. ತನ್ನ ಹಿತ್ತಲಿನ ಎಲೆಯಲ್ಲಿ ಮಾಡಿದ ಗಟ್ಟಿಯನ್ನು ಅವರು ಸೀರೆಯ ಮುಂದೆ ಇಟ್ಟಾಗ ನೀನು ಹೊರಗೆ ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು "ಎಲ್ಲಿಗೆ ಹೋಗಿದ್ದಿರಿ?" ಎಂದು ಎರಡು ಸಲ ಕೇಳಿದರು. ನೀನು ಕಿಟಕಿಯ ಕಡೆ ನೋಡುತ್ತಿದ್ದೆ.

ನೀನು ಮಾಡಿದ್ದನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆಂದು ಸುಳ್ಳು ಹೇಳುವುದಿಲ್ಲ, ಈ ಮನೆತನಕ್ಕೆ ಸುಳ್ಳು ಸಾಕು. ಆದರೆ ಯಾಕೆ ಮಾಡಿದೆ ಎಂಬುದು ಕೊಲ್ಹಾಪುರದಿಂದ ಉಡುಪಿಯವರೆಗಿನ ದಾರಿಯಲ್ಲಿ ನನಗೆ ಗೊತ್ತಾಯಿತು.

ನನ್ನ ಮಗಳ ಹೆಸರು ನಿನಗೆ ಹೇಳುವುದಿಲ್ಲ. ಅದು ಉರ್ಸುಲಾ ಬಾಯಿಯ ಹತ್ತಿರ ಉಂಟು.

ಇನ್ನು ಹದಿನೆಂಟು ಇಪ್ಪತ್ತು ವರ್ಷ ಕಳೆದರೆ ಅವಳಿಗೂ ಸಂಬಂಧ ನೋಡಬೇಕಲ್ಲ. ಆಗ ಬಸ್ಸು ಹತ್ತುವವಳು ನಾನು. ಮನೆಮನೆಗೆ ಹೋಗುತ್ತೇನೆ, ಬೆಲ್ಲ ನೀರು ಕುಡಿಯುತ್ತೇನೆ, ಮೊದಲಿನಿಂದ ಹೇಳುತ್ತೇನೆ. ಆಗ ನೀನು ಬದುಕಿದ್ದರೆ ಜೊತೆಗೆ ಬರುತ್ತೇನೆ ಎನ್ನಬೇಡ. ಅದಕ್ಕೆ ಒಬ್ಬಳೇ ಹೋಗಬೇಕು. ನಿನಗೆ ಗೊತ್ತುಂಟು.

ಶಶಿ